ಮರಿ ಬೆನ್ನ ಮ್ಯಾಲ ಇರೋ ಹೊತ್ತಿನ್ಯಾಗ ಬ್ಯಾಟಿ ಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋಳಿ ಹುಣ್ಣಿಮಿ ಹತ್ರ ಬಂತಂದ್ರ ನಮ್ಮ ಕಡಿ ವಾಟ್ಸಾಪ್ ಗ್ರೂಪಿನ್ಯಾಗ ಬ್ಯಾಟಿ ಫೋಟೋ ಶುರು ಆಗ್ತಾವ. ಬಡಿಗಿಗೆ ಮೊಲ ತಲಿಕೆಳಗ ಮಾಡಿ ಕಟ್ಟಿರ್ತಾರ, ಹಿಂದ ನಾಯಿಗೋಳು, ಮುಂದ ಹುಡುಗರು ಮೀಸಿ ಮ್ಯಾಲ ಕೈ ಇಟ್ಟು ನಿಂತಿರ್ತಾರ. ಈ ಸಲ ಒಬ್ಬಾವ ಅದಕ್ಕೂ ಮುಂದ ಹೋಗಿ, ಗುಡ್ಡದಾಗ ಕರಡಿ ಒಂದು ಮರಿ ಹೊತ್ಕೊಂಡು ಅಡ್ಡಾಡಕತ್ತದಂತ, ಯುಗಾದಿ ಬ್ಯಾಟಿ ಈ ಸಲ ಅಲ್ಲೇ ಇಟ್ಕೊಳ್ಳಮು ಅಂತ ವಾಯ್ಸ್ ಮೆಸೇಜ್ ಬಿಟ್ಟಾನ. ಖರೆನೋ ಸುಳ್ಳೋ, ಅಲ್ಲಿ ಕರಡಿ ಅದನೋ ಇಲ್ಲೋ, ಅದು ಬ್ಯಾರೆ ಮಾತು. ಆದ್ರ ಅಷ್ಟು ಮಂದಿ ಇರೋ ಗ್ರೂಪಿನ್ಯಾಗ ಒಬ್ಬರೂ "ಮರಿ ಹೊತ್ಕೊಂಡದ ಅಂತ ನೀನೇ ಹೇಳ್ತಿ, ಮತ್ತ ಹೊಡಿಯೋಣ ಅಂತೀ ಅಲ್ಲೋ ತಮ್ಮಾ" ಅಂತ ಕೇಳಲಿಲ್ಲ, ಎಲ್ಲಾರೂ ಹೆಬ್ಬೆಟ್ಟು ತೋರ್ಸಿ ಸುಮ್ಮನಾದ್ರು. ಅದಕ್ಕ ಈ ಪತ್ರ ಬರೀಲಿಕತ್ತೀನಿ. ಉದ್ದ ಆದ್ರ ಕತ್ತರಿ ಹಾಕ್ರಿ, ಆದ್ರ ಹಬ್ಬಕ್ಕಿಂತ ಮೊದಲ ಪ್ರಿಂಟ್ ಮಾಡ್ರಿ, ಹಬ್ಬ ಆದ ಮ್ಯಾಲ ಬಂದ್ರ ಏನೂ ಉಪಯೋಗಿಲ್ಲ.

ಮೊದಲ ಒಂದು ಮಾತು ಹೇಳಿಬಿಡ್ತೀನಿ, ನಾ ಏನು ಊರು ಬಿಟ್ಟು ಬೆಂಗಳೂರಾಗ ಕುಂತು ಪ್ರಾಣಿ ದಯಾ ಮಾತಾಡೋ ಮನಷ್ಯಾ ಅಲ್ಲ. ಶಹಾಪುರ ತಾಲೂಕಿನ್ಯಾಗ ತೊಗರಿ, ಹತ್ತಿ ಬೆಳಿಯೋ ರೈತ. ಚಿಗರಿ (ಕೃಷ್ಣಮೃಗ) ಹಿಂಡು ರಾತ್ರಿ ಹೊಲಕ್ಕ ಬಿದ್ರ ಬೆಳಿಗ್ಗಿ ಹೊಲ ಹ್ಯಾಂಗ ಕಾಣ್ತದ ಅಂತ ಗೊತ್ತದ, ಹಂದಿ ಬಂದು ಶೇಂಗಾ ಬುಡ ಸಮೇತ ಎಬ್ಬಿಸಿ ಹೋದದ್ದೂ ನೋಡೀನಿ, ಬೆಳಿ ಪರಿಹಾರಕ್ಕ ಅರ್ಜಿ ಹಾಕಿ ಫೋಟೋ ಕೊಡು, ಪಹಣಿ ಕೊಡು, ನಾಳೆ ಬಾ ಅನ್ನಿಸ್ಕೊಂಡದ್ದೂ ಅದ. ಹಂಗಾಗಿ ರೈತರ ಸಿಟ್ಟು ನನಗೆ ಯಾರೂ ಹೇಳಿಕೊಡೋದು ಬ್ಯಾಡ. ಆದ್ರ ಯುಗಾದಿ ಬ್ಯಾಟಿ ಅನ್ನೋದು ಹೊಲ ಕಾಯೋ ಕೆಲಸ ಅಲ್ರೀ. ತೊಗರಿ ರಾಶಿ ಆಗಿ ಮನಿಗೆ ಬಂದಿರ್ತದ, ಹತ್ತಿ ಬಿಡಿಸಿ ಮುಗದಿರ್ತದ, ಹೊಲದಾಗ ಕಾಯೋದಕ್ಕ ಏನು ಉಳದಿರ್ತದ? ಬೆಳಿ ಇದ್ದಾಗ ಬರಲಾರದ ಹುಡುಗರು ಬೆಳಿ ಹೋದ ಮ್ಯಾಲ ಬಡಿಗಿ ಹಿಡಕೊಂಡು ಬರ್ತಾರಂದ್ರ ಅದು ಮೋಜು, ಮತ್ತೇನಲ್ಲ.

ಇನ್ನ ಈ ಟೈಮಿನ ವಿಚಾರ. ನನ್ನ ತಕರಾರು ಮುಖ್ಯ ಇರೋದು ಇಲ್ಲೇ. ಬ್ಯಾಟಿ ವರ್ಷದಾಗ ಯಾವಾಗ ಮಾಡಿದ್ರೂ ಇವತ್ತು ಕಾನೂನು ಪ್ರಕಾರ ತಪ್ಪು, ಅದು ಆಮ್ಯಾಲ ಹೇಳ್ತೀನಿ, ಆದ್ರ ಫಾಲ್ಗುಣ ಚೈತ್ರದಾಗ ಮಾಡೋ ಬ್ಯಾಟಿ ಅಂದ್ರ ಒಂದು ಪ್ರಾಣಿ ಹೊಡದು ಮೂರು ಪ್ರಾಣಿ ಸಾಯಿಸಿದಂಗ.

ಕರಡಿದೇ ತಗೋರಿ. ನಮ್ಮ ಕಲ್ಯಾಣ ಕರ್ನಾಟಕದಾಗ ಬಳ್ಳಾರಿ, ಕೊಪ್ಪಳ, ವಿಜಯನಗರ ಕಡಿ ಬಂಡಿಗಲ್ಲಿನ ಗುಡ್ಡದಾಗ ಕರಡಿ ಅದಾವ, ಹಂಪಿ ಹತ್ರ ದರೋಜಿ ಒಳಗ 1994ರಾಗ ಕರಡಿಗೋಳ ಸಲುವಾಗೇ ಧಾಮ ಮಾಡ್ಯಾರ, ಹೋಗಿ ನೋಡಿದವರಿಗೆ ಗೊತ್ತಿರ್ತದ. ನಮ್ಮ ಈ ಕರಡಿ ಚಳಿ ದೇಶದ ಕರಡಿ ಹಂಗ ಇಡೀ ಚಳಿಗಾಲ ಮಲಗಂಗಿಲ್ಲ, ಆದ್ರ ಬಸರಿ ಕರಡಿ ಮಾತ್ರ ಡಿಸೆಂಬರ್ ಜನವರಿ ಸುಮಾರಿಗೆ ಬಂಡಿ ಸಂದಿನ್ಯಾಗೋ ಗುಹಾದಾಗೋ ಸೇರ್ಕೊಂಡು ಅಲ್ಲೇ ಈಯ್ತದ. ಒಂದೋ ಎರಡೋ ಮರಿ, ಮೂರು ಆಗೋದು ಅಪರೂಪ. ಹುಟ್ಟಿದಾಗ ಮರಿ ಕಣ್ಣು ಮುಚ್ಚಿರ್ತದ, ತೆರೀಲಿಕ್ಕ ಮೂರ್ನಾಕು ವಾರ ಬೇಕು. ಅಷ್ಟು ದಿನ ತಾಯಿ ಗುಹಾ ಬಿಟ್ಟು ಹೊರಗ ಬರೋದೇ ಕಮ್ಮಿ, ಬಂದ್ರೂ ದೂರ ಹೋಗಂಗಿಲ್ಲ, ಮೈಯಾಗಿನ ಕೊಬ್ಬಿನ ಮ್ಯಾಲ ಹಾಲು ಕೊಡ್ತದ. ಬಿಸಲು ಏರೋ ಹೊತ್ತಿಗೆ ಮರಿ ಬೆನ್ನ ಮ್ಯಾಲ ಏರಿಸ್ಕೊಂಡು ಹೊರಗ ಬರ್ತದ, ಬತ್ತಿ ಹೋಗಿರ್ತದ, ಹಸದಿರ್ತದ. ಬೆನ್ನ ಮ್ಯಾಲಿನ ಉದ್ದನ ಕೂದಲ ಮರಿ ಹಿಡ್ಕೊಂಡು ಕುಂದರತಾವ, ತಾಯಿ ನಡದ್ರೂ ಅಲ್ಲೇ, ಓಡಿದ್ರೂ ಅಲ್ಲೇ, ಗಿಡ ಹತ್ತಿದ್ರೂ ಅಲ್ಲೇ. ಜಗತ್ತಿನ್ಯಾಗ ಎಂಟು ಜಾತಿ ಕರಡಿ ಅದಾವ, ಅದರಾಗ ಮರಿನ ಹಿಂಗ ಬೆನ್ನ ಮ್ಯಾಲ ಹೊತ್ತು ದಿನಾ ತಿರುಗೋದು ನಮ್ಮ ಕರಡಿ ಒಂದೇ.

ಅದು ತಿನ್ನೋದು ಏನು? ಗೆದ್ದಲು, ಇರುವಿ, ಜೇನು, ಬಾರಿಹಣ್ಣು, ಇಪ್ಪಿ ಹೂವು. ಮ್ಯಾಲಿನ ದವಡಿದಾಗ ನಡುವಿನ ಎರಡು ಹಲ್ಲೇ ಇರಂಗಿಲ್ಲ, ಹುತ್ತ ಕೆದರಿ ಆ ಸಂದಿನ್ಯಾಗಿಂದ ಗೆದ್ದಲು ಎಳಕೋತದ, ಆ ಸಪ್ಪಳ ದೂರದ ತನಕ ಕೇಳ್ತದ. ಹುತ್ತ ಎಲ್ಲಿ ಅದ, ಯಾವ ಹಣ್ಣು ಯಾವಾಗ ಆಗ್ತದ, ನೀರು ಎಲ್ಲಿ ಉಳದದ, ಇದೆಲ್ಲಾ ಮರಿ ತಾಯಿ ಹಿಂದ ಅಡ್ಡಾಡಿನೇ ಕಲೀಬೇಕು, ಅದಕ್ಕ ಎರಡು ವರ್ಷಕ್ಕಿಂತ ಜಾಸ್ತಿ ದಿನ ತಾಯಿ ಜೋಡಿನೇ ಇರ್ತಾವ. ಮಾರ್ಚ್ ತಿಂಗಳದಾಗ ತಾಯಿ ಹೋತಂದ್ರ ಹಾಲು ಕುಡಿಯೋ ಮರಿ ಎಷ್ಟು ದಿನ ಬದುಕ್ತದ ಅಂತ ಕೇಳೋದೇ ಬ್ಯಾಡ. ಮತ್ತ ಇದು ಆಡು ಕುರಿ ಹಂಗ ವರ್ಷಾ ವರ್ಷಾ ಈಯೋ ಪ್ರಾಣಿ ಅಲ್ಲ, ಮರಿ ಬಿಟ್ಟು ಹೋದ ಮ್ಯಾಲೇ ತಾಯಿ ಮತ್ತ ಬಸರಾಗೋದು, ಅಂದ್ರ ಎರಡು ಮೂರು ವರ್ಷಕ್ಕ ಒಂದು ಸಲ. ಒಂದು ಹೆಣ್ಣು ಕರಡಿ ಹೋದ್ರ ಆ ಗುಡ್ಡದಾಗ ಆ ಜಾಗ ತುಂಬಲಿಕ್ಕ ಎಷ್ಟು ವರ್ಷ ಬೇಕು ನೀವೇ ಲೆಕ್ಕ ಹಾಕ್ರಿ.

ಬರೇ ಕರಡಿ ಅಲ್ಲ. ತ್ವಾಳ ಚಳಿಗಾಲದಾಗ ಈದಿರ್ತದ, ಹೋಳಿ ಹೊತ್ತಿಗೆ ಮರಿ ಗುದ್ದಿನ ಬಾಯಾಗ ಆಡ್ತಿರ್ತಾವ. ಬ್ಯಾಟಿ ನಾಯಿ ಮೊದಲ ಮೂಸಿ ಹುಡುಕೋದು ಆ ಗುದ್ದೇ. ನರಿ ಮರಿನೂ ಇದೇ ದಿನದಾಗ. ಚಿಗರಿ ವರ್ಷದಾಗ ಬ್ಯಾರೆ ಟೈಮಿಗೂ ಈಯ್ತಾವ, ಆದ್ರ ಫೆಬ್ರುವರಿ ಮಾರ್ಚದಾಗ ಜಾಸ್ತಿ, ಮತ್ತ ಹುಟ್ಟಿದ ಮರಿನ ತಾಯಿ ಹುಲ್ಲಿನ್ಯಾಗ ಮಲಗಿಸಿ ತಾ ದೂರ ಮೇಯಾಕತ್ತಿರ್ತದ, ಮರಿ ಅಲುಗಾಡಲಾರದಂಗ ಬಿದ್ದಿರ್ತದ. ಅದು ಅದರ ಉಪಾಯ, ನರಿ ಕಣ್ಣಿಗೆ ಬೀಳಬಾರದು ಅಂತ. ಹಲಗಿ ಬಾರಿಸ್ಕೊಂಡು ನೂರು ಮಂದಿ ಸಾಲಾಗಿ ಬಂದ್ರ ಆ ಉಪಾಯ ಎಲ್ಲಿ ನಡೀತದ್ರೀ? ಹಿಂದ ಹೊಲದ ನಡುವ ಬದು, ಕಂಟಿ, ಹಳ್ಳದ ದಂಡಿಗೆ ಪೊದಿ ಇದ್ವು, ಈಗ ಜೆಸಿಬಿ ಹಚ್ಚಿ ಅದೂ ಬೋಳು ಮಾಡಿಟ್ಟೀವಿ. ಬೆಳಿ ಕೊಯ್ದ ಮ್ಯಾಲ ಪ್ರಾಣಿಗೆ ಉಳದದ್ದು ಅಲ್ಲೊಂದು ಇಲ್ಲೊಂದು ಕಂಟಿ. ಬ್ಯಾಟಿಯವರು ಹೋಗೋದೂ ಅಲ್ಲಿಗೇ.

ಇದು ನಮ್ಮಲ್ಲಿ ಅಷ್ಟೇ ಇರೋ ಜಗಳ ಅಲ್ಲ ಅಂತ ಇತ್ತೀಚಿಗೆ ಗೊತ್ತಾತು. ನನ್ನ ತಮ್ಮನ ಮಗ ಕೆನಡಾದ ಒಂಟಾರಿಯೋ ಪ್ರಾಂತದಾಗ ಕೆಲಸಕ್ಕಿದ್ದಾನ, ಫೋನಿನ್ಯಾಗ ಈ ವಾಯ್ಸ್ ಮೆಸೇಜ್ ಕತಿ ಹೇಳಿದ್ರ ನಕ್ಕು, "ದೊಡ್ಡಪ್ಪಾ, ಇಲ್ಲಿನೂ ಇದೇ ಗದ್ದಲ ಅದ" ಅಂದ. ಅಲ್ಲಿ ಕರಿ ಕರಡಿ ಚಳಿಗಾಲ ಪೂರಾ ಗುಹಾದಾಗ ಮಲಗಿರ್ತದ, ಜನವರಿದಾಗ ಅಲ್ಲೇ ಈಯ್ತದ, ಹುಟ್ಟಿದ ಮರಿ ಅರ್ಧ ಕಿಲೋನೂ ತೂಗಂಗಿಲ್ಲ, ಏಪ್ರಿಲ್ ಸುಮಾರಿಗೆ ಹೊರಗ ಬರ್ತಾವ. ಅದೇ ಟೈಮಿಗೆ ಅಲ್ಲಿ ಲೈಸೆನ್ಸ್ ತಗೊಂಡು ಕರಡಿ ಬ್ಯಾಟಿ. ಹಸದು ಬಂದ ಕರಡಿಗೆ ಹಳೆ ಬೇಕರಿ ತಿಂಡಿ, ಮಾಂಸ ಇಟ್ಟು, ಗಿಡದ ಮ್ಯಾಲ ಅಟ್ಟ ಕಟ್ಟಿ ಕುಂತು ಗುಂಡು ಹೊಡಿಯೋದು. ಮರಿ ಇರೋ ತಾಯಿನ ಹೊಡೀಬಾರದು ಅಂತ ರೂಲ್ಸ್ ಅದ, ದಂಡ ಅದ. ಆದ್ರ ತಾಯಿ ಕರಡಿ ತಿನ್ನಲಿಕ್ಕ ಬರೋವಾಗ ಮರಿನ ಹಿಂದ ಎಲ್ಲೋ ಗಿಡ ಹತ್ತಿಸಿ ಒಬ್ಬಾಕಿನೇ ಬರ್ತದ, ದೂರದಿಂದ ಗಂಡು ಯಾವುದು ಹೆಣ್ಣು ಯಾವುದು ಅಂತ ಗುರುತು ಹಿಡಿಯೋದು ಪಳಗಿದವರಿಗೂ ಕಷ್ಟ. ಕಾಗದದಾಗ ರೂಲ್ಸ್ ಛಂದ ಇರ್ತದ, ಗಿಡದ ಮ್ಯಾಲ ಮರಿ ಕಾಯ್ಕೋತ ಕುಂತಿರ್ತದ.

ಇದೇ ಕಾರಣಕ್ಕ ಒಂಟಾರಿಯೋ ಸರಕಾರ 1999ರಾಗ ಆ ಬ್ಯಾಟಿ ಬಂದ್ ಮಾಡಿತ್ತಂತ. 2014ರಾಗ ಪ್ರಾಯೋಗಿಕ ಅಂತ ಹೇಳಿ ಕೆಲವು ಕಡಿ ಮತ್ತ ಶುರು ಮಾಡಿ, 2021ರಾಗ ಪೂರ್ತಿ ಕಾಯಂ ಮಾಡಿಬಿಟ್ರು. ಊರೊಳಗ ಕರಡಿ ಬರ್ತಾವ, ಅದಕ್ಕ ಬ್ಯಾಟಿ ಬೇಕು ಅನ್ನೋ ವಾದ. ನಮ್ಮ ಹುಡುಗರೂ ಇದೇ ಹೇಳ್ತಾರ ನೋಡ್ರಿ, ದೇಶ ಬ್ಯಾರೆ ವಾದ ಒಂದೇ. ಆದ್ರ ಊರೊಳಗ ಕರಡಿ ಬರೋದು ಕಸದ ಡಬ್ಬಿ ವಾಸನಿಗೆ, ಹಣ್ಣಿನ ಗಿಡಕ್ಕ. ಕಾಡಿನೊಳಗ ತಿಂಡಿ ಇಟ್ಟು ಹೊಡಿಯೋ ಕರಡಿಗೂ ಊರೊಳಗ ಬರೋ ಕರಡಿಗೂ ಏನು ಸಂಬಂಧ? ಅಮೆರಿಕದ ಕೊಲರಾಡೋ ರಾಜ್ಯದಾಗ ಮಾತ್ರ ಬ್ಯಾರೆ ಆತು, 1992ರಾಗ ಮಂದಿನೇ ಓಟ್ ಹಾಕಿ ಮಾರ್ಚದಿಂದ ಆಗಸ್ಟ್ ಮುಗಿಯೋ ತನಕ ಕರಡಿ ಬ್ಯಾಟಿ ಬಂದ್ ಅಂದ್ರು, ನೂರಕ್ಕ ಸುಮಾರು 70 ಮಂದಿ ಹೌದು ಅಂತ ಹಾಕಿದ್ರು. ವಾಷಿಂಗ್ಟನ್ ರಾಜ್ಯದಾಗ 2022ರಾಗ ಮೋಜಿನ ವಸಂತ ಬ್ಯಾಟಿ ನಿಲ್ಲಿಸಿದ್ರು. ಅಲಾಸ್ಕಾ, ಐಡಾಹೊ, ಮೊಂಟಾನಾದಾಗ ಇನ್ನೂ ನಡದದ. ಆ ಮಂದಿಗೆ ಲೈಸೆನ್ಸ್ ಕೊಡೋ ಕಾನೂನೇ ಅದ, ಅದರ ವಿರುದ್ಧ ಬಡದಾಡಬೇಕು. ನಮಗ ಆ ತ್ರಾಸೇ ಇಲ್ಲ, 1972ರ ಕಾಯ್ದೆ ನಮ್ಮ ಕಡಿಗೇ ಅದ, ಪಾಲಿಸೋರು ಇಲ್ಲ ಅಷ್ಟೇ.

ಕಾಯ್ದೆ ಅಂದೆ, ಜರಾ ಬಿಡಿಸಿ ಹೇಳ್ತೀನಿ, ಯಾಕಂದ್ರ "ನಾವು ಗುಂಡು ಹೊಡಿಯಂಗಿಲ್ಲಲ್ಲ, ಬಲಿ ಹಾಕ್ತೀವಿ, ಅದು ಬ್ಯಾಟಿ ಅಲ್ಲ" ಅನ್ನೋರು ಭಾಳ ಮಂದಿ ಅದಾರ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಲ್ಲೋದು ಅಷ್ಟೇ ಅಲ್ಲ, ಹಿಡಿಯೋದು, ಬೆನ್ನಟ್ಟೋದು, ಉರುಲು ಹಾಕೋದು, ಆಸೆ ತೋರ್ಸಿ ಕರಿಯೋದು, ಮಾಡಲಿಕ್ಕ ಪ್ರಯತ್ನ ಮಾಡೋದು, ಎಲ್ಲಾ ಬ್ಯಾಟಿನೇ. ಕರಡಿ, ತ್ವಾಳ, ಚಿಗರಿ ಮೂರೂ ಮೊದಲನೇ ಶೆಡ್ಯೂಲಿನ್ಯಾಗ, ಅಂದ್ರ ಎಲ್ಲಕ್ಕಿಂತ ಗಟ್ಟಿ ರಕ್ಷಣಾ ಇರೋ ಪಟ್ಟಿದಾಗ ಅದಾವ. 2022ರ ತಿದ್ದುಪಡಿ ಆದ ಮ್ಯಾಲ ಇವುಗಳ ಬ್ಯಾಟಿಗೆ ಕಮ್ಮಿ ಅಂದ್ರ 3 ವರ್ಷ, ಜಾಸ್ತಿ ಅಂದ್ರ 7 ವರ್ಷ ಜೈಲು, ದಂಡ 25,000 ರೂಪಾಯಿಗಿಂತ ಕಮ್ಮಿ ಇಲ್ಲ. ಮೊಲನೂ ಕಾಯ್ದೆಯೊಳಗೇ ಬರ್ತದ, ಸಣ್ಣ ಪ್ರಾಣಿ ಅಂತ ಬಿಟ್ಟಿಲ್ಲ. ಪ್ರಾಣ ಉಳಿಸ್ಕೊಳ್ಳಲಿಕ್ಕ ಬಡದದ್ದು ಅಪರಾಧ ಅಲ್ಲ ಅಂತನೂ ಅದೇ ಕಾಯ್ದೆದಾಗ ಅದ, ಹಂಗಾಗಿ ರೈತರು ಅಂಜೋ ಕಾರಣ ಇಲ್ಲ. ಆದ್ರ ಬಡಿಗಿ, ನಾಯಿ ತಗೊಂಡು ಕರಡಿ ಇರೋ ಗುಡ್ಡಕ್ಕ ನಾವೇ ಹೋಗಿ, ಅದು ಮೈಮ್ಯಾಲ ಬಂತು ಅಂದ್ರ ಅದು ಆತ್ಮರಕ್ಷಣಾ ಆಗಂಗಿಲ್ಲ.

ಉರುಲಿನ ಮಾತು ಬಂತು, ಅದನ್ನ ನೋಡಿರೋರು ಕಮ್ಮಿ, ಹೇಳ್ತೀನಿ. ಬೈಕಿನ ಹಳೆ ಕ್ಲಚ್ ವೈರು, ಗ್ಯಾರೇಜಿನ್ಯಾಗ ಪುಕ್ಕಟ ಸಿಗ್ತದ. ಅದರ ತುದಿಗೆ ಜಾರೋ ಗಂಟು ಹಾಕಿ, ಬೇಲಿ ಕಂಟಿನ್ಯಾಗ ಪ್ರಾಣಿ ದಿನಾ ನುಸಿಯೋ ಸಂದಿ ಇರ್ತದಲ್ಲ, ಅಲ್ಲಿ ಮೊಣಕಾಲ ಎತ್ತರಕ್ಕ ಗೂಟಕ್ಕ ಬಿಗಿದಿರ್ತಾರ. ತುಕ್ಕು ಹಿಡದ ವೈರು ಒಣ ಕಂಟಿ ಬಣ್ಣಕ್ಕೇ ಇರ್ತದ, ಮನಷ್ಯಾರ ಕಣ್ಣಿಗೂ ಕಾಣಂಗಿಲ್ಲ. ಹಂದಿಗೆ ಅಂತ ಹಾಕಿರ್ತಾರ, ಬೀಳೋದು ಬಸರಿ ಚಿಗರಿ, ಇಲ್ಲಾ ನಮ್ಮದೇ ಆಕಳ ಕರು. ಜಗ್ಗಿದಷ್ಟೂ ಬಿಗೀತದ, ಚರ್ಮ ಹರದು ಎಲುಬಿಗೆ ಮುಟ್ಟತದ. ಸಿಡಿಮದ್ದಿನ ಉಂಡಿ ಇಡೋರೂ ಅದಾರ, ಕಡಿದ್ರ ದವಡಿನೇ ಹಾರಿ ಹೋಗ್ತದ. ಅದು ತಿಂದು ಮೂರ್ನಾಕು ದಿನ ಸಾಯಲಾರದ ನಿಂತ ಎಮ್ಮಿ ನಮ್ಮ ಊರ ಮಂದಿ ನೋಡ್ಯಾರ, ಅದರ ಬಗ್ಗೆ ಹೆಚ್ಚಿಗಿ ಬರಿಯೋ ಮನಸ್ಸಿಲ್ಲ.

ಸಂಪ್ರದಾಯ ಅಂತಾರ. ಬ್ಯಾಟಿ ಆಡಿ ಬಂದವರೇ ನಾವು, ಸುರಪುರ ಸಂಸ್ಥಾನ ಕಟ್ಟಿದ್ದೇ ಬ್ಯಾಟಿ ಬಲ್ಲ ಮಂದಿ, ಆ ಧೈರ್ಯಕ್ಕ ನನಗೂ ಹೆಮ್ಮಿ ಅದ, ಯಾವುದೋ ಒಂದು ಜಾತಿ ಮ್ಯಾಲ ಬೆಟ್ಟು ಮಾಡಲಿಕ್ಕ ಈ ಪತ್ರ ಬರದಿಲ್ಲ. ಇವತ್ತು ಬ್ಯಾಟಿಗೆ ಹೋಗೋ ಗುಂಪಿನ್ಯಾಗ ಎಲ್ಲಾ ಓಣಿ ಹುಡುಗರೂ ಇರ್ತಾರ. ಆದ್ರ ವಾಲ್ಮೀಕಿ ಜಯಂತಿ ಮಾಡ್ತೀವಲ್ಲ, ಆ ಮಹರ್ಷಿ ಬಾಯಿಂದ ಮೊದಲ ಶ್ಲೋಕ ಬಂದದ್ದೇ ಜೋಡಿ ಹಕ್ಕಿಯೊಳಗ ಒಂದನ್ನ ಬ್ಯಾಟಿಗಾರ ಹೊಡದು ಕೆಡವಿದಾಗ, ಉಳದ ಹಕ್ಕಿ ಒದರೋದು ಕೇಳಲಾರದ. ಪಾಂಡುರಾಜ ಕೂಡಿದ್ದ ಜಿಂಕಿ ಜೋಡಿಗೆ ಬಾಣ ಬಿಟ್ಟು ಶಾಪ ತಗೊಂಡ, ಅದೂ ಬಯಲಾಟ ನೋಡಿದವರಿಗೆ ಗೊತ್ತದ. ಯಾವ ಹೊತ್ತಿನ್ಯಾಗ ಹೊಡೀಬಾರದು ಅನ್ನೋದು ನಮ್ಮ ಹಿರ್ಯಾರಿಗೆ ಗೊತ್ತಿದ್ದಿಲ್ಲ ಅಂತ ಯಾರರ ಹೇಳಲಿ ನೋಡಮು.

ಇನ್ನೊಂದು ನನಗ ಭಾಳ ದಿನದಿಂದ ಮನಸಿನ್ಯಾಗ ಕೊರಿಯೋದು. ಹೋಳಿ ಆದ ಐದನೇ ದಿನ ಕಲಬುರಗಿ ಶರಣಬಸವೇಶ್ವರರ ತೇರು. ಸುತ್ತಲಿನ ಜಿಲ್ಲಾದಿಂದ ಮಂದಿ ಬುತ್ತಿ ಕಟ್ಕೊಂಡು ಹೋಗ್ತೀವಿ, ಖಾರಿಕ ಬಾಳಿಹಣ್ಣು ತೇರಿಗೆ ಎಸಿತೀವಿ. ಆ ಶರಣರು ಅರಳಗುಂಡಗಿ ಹೊಲದಾಗ ಜ್ವಾಳದ ತೆನಿಗೆ ಬಂದ ಹಕ್ಕಿ ಹಾರಿಸಲಿಲ್ಲ, ತಿನ್ನಲಿ ಬಿಡು ಅಂತ ಬಿಟ್ಟು, ತಿಂದ ಮ್ಯಾಲ ಕುಡಿಲಿಕ್ಕ ನೀರೂ ಇಟ್ರು ಅಂತ ನಮ್ಮ ಅಜ್ಜಿಯರು ಹೇಳ್ಯಾರ, ಪುರಾಣದಾಗ ಹೇಳ್ತಾರ, ಕೇಳಿ ಕೈ ಮುಗಿತೀವಿ. ತೇರು ಎಳದು ವಾಪಸ್ ಬಂದ ಹುಡುಗನೇ ಹತ್ತು ದಿನಕ್ಕ ಬಲಿ ಹಿಡಕೊಂಡು ಗುಡ್ಡಕ್ಕ ಹೋಗ್ತಾನ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಕರಡಿ ಮರಿ ಅಂದಾಗ ಇನ್ನೊಂದು ನೆನಪು ತಗೀಬೇಕು. ನಮ್ಮ ವಯಸ್ಸಿನವರು ಸಣ್ಣವರಿದ್ದಾಗ ಊರೂರಿಗೆ ಕರಡಿ ಆಡಿಸೋರು ಬರ್ತಿದ್ರು, ಕೂಸಿಗೆ ಅಂಜಿಕಿ ಹೋಗ್ಲಿ ಅಂತ ಕರಡಿ ಕೂದಲ ತಾಯತ ಕಟ್ಟಿಸ್ತಿದ್ರು, ಕರಡಿ ಮ್ಯಾಲ ಕೂಸಿಗೆ ಕುಂದರಿಸ್ತಿದ್ರು. ಆ ಕರಡಿ ಹ್ಯಾಂಗ ಸಿಗ್ತಿತ್ತು ಅಂತ ಯಾರೂ ಕೇಳತಿದ್ದಿಲ್ಲ. ಬೆನ್ನ ಮ್ಯಾಲಿನ ಮರಿನ ತಾಯಿ ಸುಮ್ಮನ ಕೊಡ್ತದೇನ್ರೀ, ಮರಿ ಕದಿಬೇಕಂದ್ರ ತಾಯಿ ಸಾಯಬೇಕಿತ್ತು. ಆಮ್ಯಾಲ ಆ ಮರಿ ಮೂಗು ಕಾಯಿಸಿದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸ್ತಿದ್ರು. 1998ರಾಗ ಕರಡಿ ಆಡಿಸೋದಕ್ಕ ಸರಕಾರ ನಿಷೇಧ ಹಾಕಿತು, ಆಡಿಸೋ ಮಂದಿಗೆ ಬ್ಯಾರೆ ದುಡಿಮಿ ಮಾಡಿಕೊಟ್ಟು ಕರಡಿ ಬಿಡಿಸ್ಕೊಂಡ್ರು, ಬನ್ನೇರುಘಟ್ಟದಾಗ ಅಂಥಾ ಕರಡಿಗೋಳಿಗೆ ಜಾಗ ಮಾಡ್ಯಾರ. ನೂರಾರು ವರ್ಷದ ಪದ್ಧತಿನೇ ನಿಂತ್ವು. ಹೊಟ್ಟಿಪಾಡಿಗೆ ಮಾಡೋರು ಬಿಟ್ಟಾರಂದ್ರ ಸ್ಟೇಟಸ್ ಹಾಕ್ಲಿಕ್ಕ ಮಾಡೋರಿಗೆ ಬಿಡ್ಲಿಕ್ಕ ಏನು ಕಷ್ಟ?

ಈಗ ಬೇಡಿಕಿ. ಹೋಳಿ ಹುಣ್ಣಿಮಿಯಿಂದ ಯುಗಾದಿ ಪಾಡ್ಯ ಅಂದ್ರ ಹದಿನೈದು ದಿನ, ಭಾಳ ಅಂದ್ರ ಇನ್ನೊಂದು ದಿನ. ಅರಣ್ಯ ಇಲಾಖೆಯವರಿಗೆ ಸಿಬ್ಬಂದಿ ಕಮ್ಮಿ ಅದ, ವರ್ಷ ಪೂರ್ತಿ ಪ್ರತಿ ಗುಡ್ಡ ಕಾಯ್ರಿ ಅಂತ ನಾನೂ ಕೇಳಂಗಿಲ್ಲ, ಅದೂ ಬ್ಯಾಸಗಿದಾಗ ಬೆಂಕಿ ಆರಿಸೋದೇ ಅವರಿಗೆ ಸಾಕಾಗಿರ್ತದ. ಈ ಹದಿನೈದು ದಿನ ಮಾತ್ರ ಪೊಲೀಸರನ್ನ ಜೋಡಿ ಹಾಕ್ಕೊಂಡು ಬೆಳಿಗ್ಗಿ ಸಂಜಿ ತಿರುಗ್ಲಿ, ಯಾವ ಊರಿಂದ ಟ್ರ್ಯಾಕ್ಟರ್ ತುಂಬಿ ಹೋಗ್ತಾರ ಅಂತ ಇಡೀ ತಾಲೂಕಿಗೆ ಗೊತ್ತಿರ್ತದ, ಊರ ಅಗಸ್ಯಾಗೇ ನಿಲ್ಲಿಸಿದ್ರ ಕೇಸ್ ಹಾಕೋ ಪ್ರಸಂಗನೇ ಬರಂಗಿಲ್ಲ. ಹಬ್ಬ ಆದ ಮ್ಯಾಲ ಫೋಟೋ ನೋಡಿ ಮನಿಗೆ ನೋಟಿಸ್ ಕಳಸೋದಕ್ಕಿಂತ ಇದು ಪಾಡ. 2023ರಾಗ ಅರಣ್ಯ ಖಾತೆ ಭಾಲ್ಕಿಯ ಈಶ್ವರ ಖಂಡ್ರೆ ಅವರಿಗೆ ಬಂದಾಗ ನಮ್ಮ ಭಾಗದ ಮಂದಿ ಖುಷಿ ಪಟ್ಟಿದ್ವಿ. ಚಿಂಚೋಳಿ ವನ್ಯಜೀವಿ ಧಾಮ ಒಂದು ಅದ ಖರೆ, ಆದ್ರ ನಮ್ಮ ಪ್ರಾಣಿ ಅರ್ಧಕ್ಕರ್ಧ ಇರೋದು ಧಾಮದ ಹೊರಗ, ಹೊಲದ ದಂಡಿಗೆ, ಗಾಯರಾಣ (ಗೋಮಾಳ) ಜಮೀನಿನ್ಯಾಗ, ಅಲ್ಲಿಗೆ ಇಲಾಖೆ ಕಣ್ಣು ಬೀಳಬೇಕು. ಮತ್ತ ಬೆಳಿ ಪರಿಹಾರ ತಿಂಗಳಾನುಗಟ್ಲೆ ಎಳಿಬ್ಯಾಡ್ರಿ. ರೊಕ್ಕ ಟೈಮಿಗೆ ಸಿಕ್ರ ಉರುಲು ಹಾಕೋ ರೈತ ಅರ್ಧ ಕಮ್ಮಿ ಆಗ್ತಾನ, ಇದು ಇಲಾಖೆಗೆ ನನ್ನ ನೇರ ಮಾತು.

ಕುರಿ ಕಾಯೋರಿಗೆ, ಹೊಲಕ್ಕ ಹೋಗೋ ಹೆಣ್ಮಕ್ಕಳಿಗೆ ಒಂದು ಮಾತು, ಇದು ಪತ್ರಿಕಾದಾಗ ಬಂದ್ರ ಛಲೋ. ಮರಿ ಇರೋ ಕರಡಿ ಎದುರು ಸಿಗೋದು ಹೆಚ್ಚಿನ ಸಲ ಸಪ್ಪಳಿಲ್ಲದ ಹೋದಾಗ. ನಸಿಕಿನ್ಯಾಗ, ಕತ್ತಲಾಗೋ ಹೊತ್ತಿನ್ಯಾಗ ಬಂಡಿ ಸಂದಿ ಕಡಿ ಒಬ್ಬೊಬ್ಬರೇ ಹೋಗಬ್ಯಾಡ್ರಿ, ಮಾತಾಡ್ಕೋತ, ಬಡಿಗಿ ಬಡ್ಕೋತ ಹೋಗ್ರಿ, ಅದೇ ದೂರ ಸರಿತದ. ಒಂಟಿ ಮರಿ ಕಂಡ್ರ ಎತ್ತಿ ಮನಿಗೆ ತರಬ್ಯಾಡ್ರಿ, ಸೆಲ್ಫಿ ಅಂತ ಹತ್ರ ಹೋಗಬ್ಯಾಡ್ರಿ, ತಾಯಿ ಅಲ್ಲೇ ಎಲ್ಲೋ ಇರ್ತದ. ಅರಣ್ಯ ಇಲಾಖೆ ಸಹಾಯವಾಣಿ 1926 ಅದ, ಅದಕ್ಕ ಹಚ್ಚಿ ಜಾಗ ಹೇಳ್ರಿ.

ಕಡೀಗೆ ಸಂಪಾದಕರೇ, ನಿಮಗೂ ಒಂದು ವಿನಂತಿ. ಯುಗಾದಿ ಮರುದಿನ ಪತ್ರಿಕೆಗೋಳಾಗ ಬ್ಯಾಟಿ ಮೆರವಣಿಗಿ ಫೋಟೋ ಹಬ್ಬದ ಸಂಭ್ರಮ ಅಂತ ಬರ್ತಾವ, ಹುಡುಗರು ಅದನ್ನ ಕತ್ತರಿಸಿ ಹೋಟೆಲಿನ ಗ್ವಾಡಿಗೆ ಅಂಟಿಸ್ತಾರ, ಮುಂದಿನ ವರ್ಷ ಇನ್ನೂ ದೊಡ್ಡ ಪ್ರಾಣಿ ಬೇಕು ಅಂತಾರ. ಹಾಕೋದೇ ಆದ್ರ ಅಪರಾಧ ಸುದ್ದಿ ಪುಟದಾಗ ಹಾಕ್ರಿ. ನಮ್ಮ ಪಂಚಾಯಿತಿಗೆ ಡಂಗುರ ಸಾರಿಸ್ರಿ ಅಂತ ಅರ್ಜಿ ಬರದು ಕೊಟ್ಟೀನಿ, ಪಿಡಿಓ ಸಾಹೇಬ್ರು ನೋಡಮು ಅಂದಾರ. ಬ್ಯಾರೆ ಊರಿನವರೂ ಹೋಳಿ ಒಳಗ ಒಂದು ಅರ್ಜಿ ಕೊಡ್ರಿ, ಒಬ್ಬನೇ ಕೊಟ್ರ ಫೈಲಿನ್ಯಾಗ ಉಳೀತದ.

ಇಂತಿ,
ಒಬ್ಬ ತೊಗರಿ ರೈತ
ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ